ಉತ್ತರ ಬಾರದಿದ್ದುದನ್ನು ಒಪ್ಪಿಗೆ ಎಂದು ಓದಿದಾಗ: 2005ರ ಗ್ವಾಂಟನಾಮೊ ಕುರಾನ್ ವರದಿ, ಒಂದು ಪ್ರಕರಣ ಅಧ್ಯಯನ

2005ರ ಮೇ ತಿಂಗಳ ಆರಂಭದಲ್ಲಿ ಅಮೆರಿಕದ ‘ನ್ಯೂಸ್‌ವೀಕ್’ ವಾರಪತ್ರಿಕೆಯಲ್ಲಿ ಹತ್ತು ವಾಕ್ಯಗಳಷ್ಟು ಉದ್ದದ ಒಂದು ಪುಟ್ಟ ಸುದ್ದಿ ಬಂತು. ಗ್ವಾಂಟನಾಮೊದ ಅಮೆರಿಕದ ಸೇನಾ ಬಂಧನಕೇಂದ್ರದಲ್ಲಿ ಕುರಾನ್‌ಗೆ ಅಪಚಾರವಾದದ್ದನ್ನು ಸೇನೆಯ ತನಿಖೆಯೇ ಪತ್ತೆ ಹಚ್ಚಿದೆ ಎಂಬ ಮಾತು ಅದರಲ್ಲಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಅಫ್ಗಾನಿಸ್ತಾನದಲ್ಲಿ ಕನಿಷ್ಠ 15 ಜನ ಸತ್ತಿದ್ದರು, ಪತ್ರಿಕೆ ಸುದ್ದಿಯನ್ನು ಹಿಂತೆಗೆದುಕೊಂಡಿತ್ತು, ಶ್ವೇತಭವನ ಪತ್ರಿಕೆಗೆ ಬುದ್ಧಿ ಹೇಳುತ್ತಿತ್ತು. ಪತ್ರಿಕೋದ್ಯಮದ ತರಗತಿಗಳಲ್ಲಿ ಈ ಪ್ರಕರಣವನ್ನು ‘ಹೆಸರಿಲ್ಲದ ಮೂಲವನ್ನು ನಂಬಿ ಕೆಟ್ಟ ಪತ್ರಿಕೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ಆ ಮಾತು ಸಾಲದು ಎಂದು ನಾನು ಬಲವಾಗಿ ನಂಬಿದ್ದೇನೆ. ಪತ್ರಿಕೆಯ ತಪ್ಪು ನಿಜ, ಆದರೆ ಅದು ಬಹಳ ಕಿರಿದಾದ ತಪ್ಪು. ಆ ಕಿರಿದಾದ ತಪ್ಪಿನ ಸಂದಿಯಲ್ಲಿ, ಉತ್ತರ ಕೊಡಬೇಕಾಗಿದ್ದ ಸರ್ಕಾರ ಪ್ರಶ್ನೆ ಕೇಳುವ ಜಾಗಕ್ಕೆ ಬಂದು ಕುಳಿತದ್ದು ಹೇಗೆ ಎಂಬುದನ್ನು ನೋಡದಿದ್ದರೆ ಈ ಪ್ರಕರಣವನ್ನು ಓದಿ ಪ್ರಯೋಜನವಿಲ್ಲ.

ಈ ಪ್ರಕರಣದ ವರದಿಗಾರರು, ಸಂಪಾದಕರು, ಅಧಿಕಾರಿಗಳು, ವಕ್ತಾರರು, ಬಂಧಿಗಳು, ಇವರಲ್ಲಿ ಯಾರ ಹೆಸರನ್ನೂ ಇಲ್ಲಿ ಬಳಸಿಲ್ಲ. ಯಾವ ಹುದ್ದೆಯಲ್ಲಿದ್ದವರು ಯಾವ ಗಳಿಗೆಯಲ್ಲಿ ಏನು ನಿರ್ಧರಿಸಿದರು ಎಂಬುದಷ್ಟೇ ನಮಗೆ ಬೇಕು. ಪತ್ರಿಕೆ, ದೇಶ, ಸಂಸ್ಥೆಗಳ ಹೆಸರನ್ನು ಮರೆಮಾಚಿದರೆ ಪ್ರಕರಣವೇ ಅರ್ಥವಾಗದು. ಹಾಗಾಗಿ ಅವನ್ನೂ ರಾಜಕೀಯ ನಾಯಕರ ಹೆಸರುಗಳನ್ನೂ ಉಳಿಸಿಕೊಂಡಿದ್ದೇನೆ.

ಹಿನ್ನೆಲೆ

ಕ್ಯೂಬಾದ ಆಗ್ನೇಯ ತುದಿಯಲ್ಲಿ ಅಮೆರಿಕದ ನೌಕಾನೆಲೆ ಇರುವ ಗ್ವಾಂಟನಾಮೊ ಕೊಲ್ಲಿಗೆ ಮೊದಲ ಬಂಧಿಗಳನ್ನು ತಂದದ್ದು 2002ರ ಜನವರಿಯಲ್ಲಿ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಭಯೋತ್ಪಾದನೆಯ ಶಂಕೆಯ ಮೇಲೆ ಹಿಡಿದವರು ಇವರು. ವಿಚಾರಣೆ ಇಲ್ಲ, ಆರೋಪಪಟ್ಟಿ ಇಲ್ಲ. 2004ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬರುವ ತನಕ ವಕೀಲರಿಗೆ ಬಹುಪಾಲು ಪ್ರವೇಶವೂ ಇರಲಿಲ್ಲ. ಪತ್ರಕರ್ತರನ್ನು ಸೇನೆಯೇ ಕರೆದೊಯ್ದು ಸುತ್ತಾಡಿಸಿ ವಾಪಸು ಕಳಿಸುತ್ತಿತ್ತು, ಬಂಧಿಗಳೊಂದಿಗೆ ಮಾತನಾಡಲು ಬಿಡುತ್ತಿರಲಿಲ್ಲ. ರೆಡ್‌ಕ್ರಾಸ್ ಸಮಿತಿಗೆ ಒಳಗೆ ಹೋಗುವ ಅವಕಾಶವಿತ್ತು, ಆದರೆ ಕಂಡದ್ದನ್ನು ಸರ್ಕಾರಕ್ಕೆ ಗುಟ್ಟಾಗಿ ತಿಳಿಸುವುದೇ ಆ ಸಂಸ್ಥೆಯ ನಿಯಮ. ಇಂಥ ಕಡೆ ಒಳಗಿನ ಸಂಗತಿ ಹೊರಬರಲು ಉಳಿದಿದ್ದ ದಾರಿಗಳು ಎರಡೇ. ಬಿಡುಗಡೆಯಾಗಿ ಬಂದವರ ಮಾತು ಒಂದು, ಹೆಸರು ಹೇಳಲಾಗದ ಸರ್ಕಾರಿ ಅಧಿಕಾರಿಗಳ ಮಾತು ಇನ್ನೊಂದು. ಪತ್ರಿಕೆ ಅನಾಮಧೇಯ ಮೂಲದ ಮೊರೆ ಹೋದದ್ದನ್ನು ಸೋಮಾರಿತನ ಎನ್ನುವವರು ಈ ಬಾಗಿಲುಗಳನ್ನು ಮುಚ್ಚಿದವರು ಯಾರು ಎಂದು ಕೇಳಿಕೊಳ್ಳಬೇಕು.

2004ರಲ್ಲಿ ಬಿಡುಗಡೆಯಾಗಿ ಬ್ರಿಟನ್‌ಗೆ ಮರಳಿದ ಕೆಲವರು, ಕಾವಲುಗಾರರು ಕುರಾನ್‌ಗೆ ಅವಮಾನ ಮಾಡುತ್ತಿದ್ದರೆಂದು ಬಹಿರಂಗವಾಗಿಯೇ ಹೇಳಿದ್ದರು. ಬಂಧಿಗಳ ಮಾತು ಎಂಬ ಕಾರಣಕ್ಕೆ ಅದು ಹೆಚ್ಚು ಸದ್ದು ಮಾಡಲಿಲ್ಲ. ಸೇನೆಗೂ ಈ ವಿಷಯ ಹೊಸದಾಗಿರಲಿಲ್ಲ. ಕುರಾನ್ ಪ್ರತಿಯನ್ನು ಹೇಗೆ ಮುಟ್ಟಬೇಕು ಎಂದು 2003ರ ಜನವರಿಯಲ್ಲಿ ಲಿಖಿತ ನಿಯಮಾವಳಿಯನ್ನೇ ಹೊರಡಿಸಿತ್ತು: ಬಂಧಿಗೆ ಕಾಣುವಂತೆ ಶುಭ್ರವಾದ ಕೈಗವಸು ತೊಡಬೇಕು, ಎರಡೂ ಕೈಗಳಲ್ಲಿ ಹಿಡಿಯಬೇಕು, ನೆಲದ ಮೇಲೆ, ಕಾಲಿನ ಬಳಿ, ಶೌಚದ ಹತ್ತಿರ, ತೇವವಿರುವ ಜಾಗದಲ್ಲಿ ಇಡಬಾರದು, ನಾಜೂಕಾದ ಕಲಾಕೃತಿಯನ್ನು ನೋಡಿಕೊಳ್ಳುವಂತೆ ನೋಡಿಕೊಳ್ಳಬೇಕು. ಗ್ರಂಥ ನೆಲಕ್ಕೆ ತಾಗದಿರಲೆಂದು ಆಸ್ಪತ್ರೆಯಲ್ಲಿ ಮೂಗು ಬಾಯಿಗೆ ಕಟ್ಟುವ ಬಟ್ಟೆಯ ಮುಖಗವಸನ್ನು ಬಂಧಿಗಳಿಗೆ ಕೊಟ್ಟಿದ್ದರು. ಕೋಣೆಯ ಜಾಲರಿ ಗೋಡೆಗೆ ಅದನ್ನು ಕಟ್ಟಿ, ಅದರೊಳಗೆ ಕುರಾನ್ ಇಟ್ಟುಕೊಳ್ಳುತ್ತಿದ್ದರು. ಇಷ್ಟು ವಿವರವಾದ ನಿಯಮ ಸುಮ್ಮನೆ ಹುಟ್ಟುವುದಿಲ್ಲ. ಬಂಧಿಗಳಿಂದ ದೂರು, ಪ್ರತಿಭಟನೆ, ಉಪವಾಸ ಎಲ್ಲವೂ ನಡೆದ ಮೇಲೆ ಬಂದ ನಿಯಮ ಅದು.

2004ರ ಕೊನೆಯಲ್ಲಿ ಇನ್ನೊಂದು ಬೆಳವಣಿಗೆಯಾಯಿತು. ಅಮೆರಿಕದ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಮೊಕದ್ದಮೆ ಹೂಡಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಸಿಬ್ಬಂದಿಯ ಒಳ ಇಮೇಲ್‌ಗಳನ್ನು ಹೊರತೆಗೆಸಿತು. ಗ್ವಾಂಟನಾಮೊದಲ್ಲಿ ಸೇನೆಯ ವಿಚಾರಣಾ ಸಿಬ್ಬಂದಿ ನಡೆದುಕೊಳ್ಳುತ್ತಿದ್ದ ರೀತಿಯನ್ನು ಕಣ್ಣಾರೆ ಕಂಡ ಎಫ್‌ಬಿಐ ಅಧಿಕಾರಿಗಳೇ ಅದನ್ನು ಬರೆದಿಟ್ಟಿದ್ದರು. ಈ ಇಮೇಲ್‌ಗಳು ಬಂದ ಮೇಲೆ ಗ್ವಾಂಟನಾಮೊದ ಹೊಣೆ ಹೊತ್ತ, ಮಯಾಮಿಯಲ್ಲಿ ಕೇಂದ್ರ ಕಚೇರಿ ಇರುವ ಅಮೆರಿಕ ಸೇನೆಯ ದಕ್ಷಿಣ ಕಮಾಂಡ್ ಆಂತರಿಕ ತನಿಖೆಗೆ ಆದೇಶಿಸಿತು. ಆ ತನಿಖೆಯ ವರದಿಯಲ್ಲಿ ಏನಿರಬಹುದು ಎಂಬುದು ವಾಷಿಂಗ್ಟನ್ನಿನ ವರದಿಗಾರರೆಲ್ಲ ಬೆನ್ನು ಹತ್ತಿದ್ದ ಸುದ್ದಿ.

ಸುದ್ದಿಮನೆಯಲ್ಲಿ

ನ್ಯೂಸ್‌ವೀಕ್‌ನ ಹಿರಿಯ ತನಿಖಾ ವರದಿಗಾರರಿಗೆ ಸರ್ಕಾರದ ಹಿರಿಯ ಅಧಿಕಾರಿಯೊಬ್ಬರು ಮೂಲವಾಗಿದ್ದರು. ಹಳೆಯ ಪರಿಚಯ, ಹಿಂದೆ ಕೊಟ್ಟ ಮಾಹಿತಿ ಹುಸಿಯಾಗಿರಲಿಲ್ಲ. ಬರಲಿರುವ ದಕ್ಷಿಣ ಕಮಾಂಡ್ ವರದಿಯಲ್ಲಿ ಕುರಾನ್‌ಗೆ ಸಂಬಂಧಿಸಿದ ಘಟನೆಯೂ ಇದೆ ಎಂದು ಅವರು ತಿಳಿಸಿದರು. ಬಂಧಿಗಳ ಮನಸ್ಸು ಕಲಕಲು ವಿಚಾರಣಾ ಸಿಬ್ಬಂದಿ ಕುರಾನ್ ಪ್ರತಿಗಳನ್ನು ಶೌಚಾಲಯದಲ್ಲಿ ಇಟ್ಟಿದ್ದರು, ಕನಿಷ್ಠ ಒಂದು ಸಲ ಪವಿತ್ರ ಗ್ರಂಥವನ್ನು ಶೌಚದೊಳಗೆ ಹಾಕಿ ನೀರು ಬಿಟ್ಟಿದ್ದರು ಎಂಬುದು ಸುದ್ದಿಯ ಆ ಒಂದು ವಾಕ್ಯ. ಹತ್ತು ವಾಕ್ಯಗಳಲ್ಲಿ ಇದು ಒಂದು ಮಾತ್ರ. ಉಳಿದದ್ದು ತನಿಖೆಯ ಇತರ ಸಂಗತಿಗಳು, ಗ್ವಾಂಟನಾಮೊದ ಮಾಜಿ ಕಮಾಂಡರ್ ಮೇಲಿನ ಪ್ರಶ್ನೆಗಳು.

ಪತ್ರಿಕೆ ಪರಿಶೀಲನೆ ಮಾಡಲೇ ಇಲ್ಲ ಎಂಬುದು ತಪ್ಪು ಗ್ರಹಿಕೆ. ದಕ್ಷಿಣ ಕಮಾಂಡ್‌ನ ವಕ್ತಾರರನ್ನು ಕೇಳಿತು. ತನಿಖೆ ನಡೆಯುತ್ತಿದೆ, ಪ್ರತಿಕ್ರಿಯಿಸಲಾಗದು ಎಂದರು. ಆ ಮೇಲೆ ರಕ್ಷಣಾ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಇನ್ನೊಬ್ಬ ವರದಿಗಾರರು ಇಡೀ ಕರಡನ್ನೇ ರಕ್ಷಣಾ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರ ಕೈಗೆ ಕೊಟ್ಟರು. ಅವರು ಓದಿ, ಮಾಜಿ ಕಮಾಂಡರ್‌ಗೆ ಸಂಬಂಧಿಸಿದ ಒಂದು ಅಂಶ ಸರಿಯಿಲ್ಲ ಎಂದರು. ಪತ್ರಿಕೆ ಅದನ್ನು ತಿದ್ದಿತು. ಕುರಾನ್ ವಾಕ್ಯದ ಬಗ್ಗೆ ಅವರು ಏನೂ ಹೇಳಲಿಲ್ಲ.

ಪ್ರಕರಣದ ಮೊದಲ ತಿರುವು ಇಲ್ಲಿದೆ. ಕರಡನ್ನು ಓದಿದವರು ಒಂದನ್ನು ಅಲ್ಲಗಳೆದಿದ್ದಾರೆ, ಇನ್ನೊಂದನ್ನು ಬಿಟ್ಟಿದ್ದಾರೆ. ಬಿಟ್ಟದ್ದು ಸರಿ ಇದ್ದುದರಿಂದಲೇ ಬಿಟ್ಟಿದ್ದಾರೆ ಎಂದು ಸುದ್ದಿಮನೆ ತೀರ್ಮಾನಿಸಿತು. ಸುದ್ದಿಮನೆಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಈ ತರ್ಕದ ಸೆಳೆತ ಗೊತ್ತು. ಆದರೆ ಆ ಅಧಿಕಾರಿಗೆ ದಕ್ಷಿಣ ಕಮಾಂಡ್ ವರದಿಯಲ್ಲಿ ಏನಿದೆ ಎಂಬುದೇ ಸರಿಯಾಗಿ ತಿಳಿದಿರಲಿಲ್ಲ. ತನಗೆ ಗೊತ್ತಿದ್ದ ಅಂಶದ ಬಗ್ಗೆ ಅವರು ಮಾತನಾಡಿದರು, ಗೊತ್ತಿಲ್ಲದ ಅಂಶದ ಬಗ್ಗೆ ಸುಮ್ಮನಿದ್ದರು. ‘ಈ ವಾಕ್ಯದ ವಿಷಯ ನಿಮಗೆ ತಿಳಿದಿದೆಯೇ, ನೀವು ಆ ವರದಿಯನ್ನು ನೋಡಿದ್ದೀರಾ’ ಎಂದು ಬೆರಳಿಟ್ಟು ಕೇಳಿದ್ದರೆ ಬಹುಶಃ ಆ ಒಂದು ನಿಮಿಷದಲ್ಲೇ ವಿಷಯ ಸ್ಪಷ್ಟವಾಗುತ್ತಿತ್ತು.

ಎರಡನೆಯ ನಿರ್ಧಾರ ಇನ್ನೂ ಚಿಕ್ಕದು, ಆದರೆ ನನ್ನ ಮಟ್ಟಿಗೆ ಇದು ಮೊದಲನೆಯದಕ್ಕಿಂತ ಗಂಭೀರ. ಸುದ್ದಿಯಲ್ಲಿ ‘ಮೂಲಗಳು ತಿಳಿಸಿವೆ’ ಎಂದು ಬಹುವಚನ ಬಳಸಿದರು. ಇದ್ದದ್ದು ಒಂದು ಮೂಲ. ಸುಮ್ಮನಿದ್ದ ಅಧಿಕಾರಿಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡರೆ ಮಾತ್ರ ಎರಡಾಗುತ್ತಿತ್ತು. ಓದುಗನಿಗೆ ಮೂಲದ ಹೆಸರು ಕೊಡಲಾಗದಿದ್ದಾಗ, ಎಷ್ಟು ಜನ, ಯಾವ ಸ್ಥಾನದವರು, ಅವರಿಗೆ ಹೇಗೆ ಗೊತ್ತು ಎಂಬುದನ್ನಾದರೂ ಕೊಡಬೇಕು. ಅಷ್ಟನ್ನೂ ಕೊಡದೆ ಬಹುವಚನದ ಬಲವನ್ನು ಸೇರಿಸಿದ್ದು ಓದುಗನಿಗೆ ಮಾಡಿದ ಅನ್ಯಾಯ.

ಜಲಾಲಾಬಾದ್

ಮೇ 9ರ ದಿನಾಂಕ ಹೊತ್ತ ಆ ಸಂಚಿಕೆ ಅದಕ್ಕೂ ಒಂದು ವಾರ ಮೊದಲೇ ಓದುಗರ ಕೈಗೆ ಬಂದಿತ್ತು. ಮೊದಲ ಕೆಲವು ದಿನ ಯಾರೂ ಕೆರಳಲಿಲ್ಲ. ರಕ್ಷಣಾ ಇಲಾಖೆಯ ಕೇಂದ್ರವಾದ ಪೆಂಟಗನ್ನಿನಿಂದ ಒಂದು ಆಕ್ಷೇಪವೂ ಬರಲಿಲ್ಲ. ಮೇ 6ರಂದು ಪಾಕಿಸ್ತಾನದಲ್ಲಿ, ಆಗ ವಿರೋಧ ಪಕ್ಷವೊಂದರ ನಾಯಕರಾಗಿದ್ದ ಇಮ್ರಾನ್ ಖಾನ್ ಪತ್ರಿಕಾಗೋಷ್ಠಿ ಕರೆದು ಆ ವಾಕ್ಯವನ್ನು ಎತ್ತಿ ತೋರಿಸಿದರು. ಉರ್ದು ಮತ್ತು ಪಶ್ತೊ ಭಾಷೆಗಳ ರೇಡಿಯೊ, ಪತ್ರಿಕೆಗಳ ಮೂಲಕ ಸುದ್ದಿ ಗಡಿ ದಾಟಿತು.

ಮೇ 10ರಂದು ಅಫ್ಗಾನಿಸ್ತಾನದ ಪೂರ್ವದ ನಗರ ಜಲಾಲಾಬಾದ್‌ನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಮಾರನೆಯ ದಿನ ಮೆರವಣಿಗೆ ಕೈ ಮೀರಿತು. ಸರ್ಕಾರಿ ಕಟ್ಟಡಗಳು, ಪಾಕಿಸ್ತಾನದ ಕಾನ್ಸುಲೇಟ್, ವಿಶ್ವಸಂಸ್ಥೆ ಮತ್ತು ನೆರವು ಸಂಸ್ಥೆಗಳ ಕಚೇರಿಗಳ ಮೇಲೆ ದಾಳಿಯಾಯಿತು. ಪೊಲೀಸರು ಗುಂಡು ಹಾರಿಸಿದರು. ಅಂದು ಆ ಒಂದು ನಗರದಲ್ಲೇ ನಾಲ್ವರು ಸತ್ತು, ಅರವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಮುಂದಿನ ದಿನಗಳಲ್ಲಿ ಬೇರೆ ಪ್ರಾಂತ್ಯಗಳಿಗೂ ಹಬ್ಬಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕುರಾನ್ ಮುಸ್ಲಿಮರಿಗೆ ಕೇವಲ ದೇವರ ಕುರಿತ ಪುಸ್ತಕವಾಗಿರದೆ ದೇವರ ವಾಣಿಯೇ ಆಗಿದೆ. ಮುಟ್ಟುವ ಮುನ್ನ ಕೈಕಾಲು ತೊಳೆದು ಶುದ್ಧರಾಗುವ ಸಂಪ್ರದಾಯವಿದೆ. ಅಂಥ ಗ್ರಂಥ ಶೌಚದಲ್ಲಿ ಬಿತ್ತು ಎಂದು ಕೇಳಿದ ಮನಸ್ಸಿಗೆ ಆಗುವ ನೋವನ್ನು ಮತಾಂಧತೆ ಎಂದು ತಳ್ಳಿಹಾಕುವುದು ಸರಿಯಲ್ಲ. ಆ ನೋವಿನ ಜೊತೆಗೆ ಸ್ಥಳೀಯ ಕಾರಣಗಳೂ ಕೂಡಿಕೊಂಡಿದ್ದವು: ವಿದೇಶಿ ಸೇನೆಯ ಮೇಲಿನ ಸಿಟ್ಟು, ಸೆಪ್ಟೆಂಬರ್‌ನಲ್ಲಿ ನಡೆಯಬೇಕಿದ್ದ ಸಂಸತ್ ಚುನಾವಣೆ, ಅಮೆರಿಕದೊಂದಿಗೆ ಮಾಡಿಕೊಳ್ಳಲಿದ್ದ ದೀರ್ಘಾವಧಿ ಒಪ್ಪಂದದ ವಿರೋಧ. ಅಫ್ಗಾನಿಸ್ತಾನದಲ್ಲಿದ್ದ ಅಮೆರಿಕದ ಸೇನಾ ಮುಖ್ಯಸ್ಥರು ಹಿಂಸೆಗೂ ನ್ಯೂಸ್‌ವೀಕ್ ಲೇಖನಕ್ಕೂ ಸಂಬಂಧವಿಲ್ಲವೆಂದು ಅಭಿಪ್ರಾಯಪಟ್ಟಿದ್ದರು. ಅಮೆರಿಕದ ಸೇನಾ ವಿಭಾಗಗಳ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷರು ಮೇ 12ರಂದು ಅದನ್ನು ಪತ್ರಕರ್ತರ ಮುಂದೆ ಹೇಳಿದರು. ಮೇ 23ರಂದು ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಬುಷ್ ಪಕ್ಕದಲ್ಲಿ ನಿಂತು ಅಫ್ಗಾನ್ ಅಧ್ಯಕ್ಷ ಹಮೀದ್ ಕರ್ಜಾಯಿ ಹೇಳಿದ್ದೂ ಇದನ್ನೇ. ಆದರೆ ಈ ಎರಡರ ನಡುವಿನ ದಿನಗಳಲ್ಲಿ ಶ್ವೇತಭವನದ ವಕ್ತಾರರು ಈ ವರದಿಯಿಂದಾಗಿ ಜನ ಪ್ರಾಣ ಕಳೆದುಕೊಂಡರು ಎನ್ನುತ್ತಲೇ ಇದ್ದರು. ಒಂದೇ ಸರ್ಕಾರದ ಸೇನಾಧಿಕಾರಿ ಒಂದು ಕಾರಣ ಹೇಳಿದಾಗ, ವಕ್ತಾರರು ಇನ್ನೊಂದು ಹೇಳಿದಾಗ, ಯಾವುದನ್ನು ನಂಬಬೇಕು ಎಂದು ಪಟ್ಟು ಹಿಡಿದು ಕೇಳಬೇಕಿತ್ತು. ಕೇಳಿದವರು ಕಡಿಮೆ. ಗುಂಡು ಹಾರಿಸಿದ್ದು ಯಾರ ಆದೇಶದಂತೆ ಎಂಬ ಪ್ರಶ್ನೆಯಂತೂ ಆ ಗದ್ದಲದಲ್ಲಿ ಮೇಲೇಳಲೇ ಇಲ್ಲ.

ಹಿಂತೆಗೆತ

ಮೇ 13ರಂದು, ಸುದ್ದಿ ಹೊರಬಂದು ಹನ್ನೊಂದು ಹನ್ನೆರಡು ದಿನಗಳಾದ ಮೇಲೆ, ಪೆಂಟಗನ್ ವಕ್ತಾರರು ಪತ್ರಿಕೆಗೆ ಕರೆ ಮಾಡಿ ದಕ್ಷಿಣ ಕಮಾಂಡ್ ತನಿಖೆಯಲ್ಲಿ ಅಂಥ ಅಂಶವೇ ಇಲ್ಲ ಎಂದರು. ಮರುದಿನ ತನಿಖಾ ವರದಿಗಾರರು ತಮ್ಮ ಮೂಲವನ್ನು ಮತ್ತೆ ಸಂಪರ್ಕಿಸಿದರು. ಕುರಾನ್‌ಗೆ ಅಪಚಾರವಾದ ಬಗ್ಗೆ ಓದಿದ್ದು ನಿಜ, ಆದರೆ ಅದನ್ನು ಓದಿದ್ದು ದಕ್ಷಿಣ ಕಮಾಂಡ್ ವರದಿಯಲ್ಲೇ ಎಂದು ಈಗ ಖಚಿತವಾಗಿ ಹೇಳಲಾರೆ, ಬೇರೆ ತನಿಖಾ ಕಡತದಲ್ಲೋ ಕರಡಿನಲ್ಲೋ ಇದ್ದಿರಬಹುದು ಎಂದು ಅವರು ಉತ್ತರಿಸಿದರು. ಇದನ್ನು ಪತ್ರಿಕೆ ಪೆಂಟಗನ್ನಿಗೆ ತಿಳಿಸಿದಾಗ, ಇವನ ಮಾತಿನಿಂದ ಜನ ಸತ್ತಿದ್ದಾರೆ, ಇನ್ನೂ ಇವನನ್ನು ನಂಬುವುದೇ ಎಂದು ವಕ್ತಾರರು ಬೈಗುಳದೊಂದಿಗೆ ಸಿಡಿದರು.

ಮೂಲ ಹಿಂದೆ ಸರಿದದ್ದು ಯಾವುದರಿಂದ ಎಂಬುದನ್ನು ಗಮನಿಸಿ ಓದಬೇಕು. ಅಪಚಾರ ನಡೆಯಲಿಲ್ಲ ಎಂದು ಅವರು ಹೇಳಲಿಲ್ಲ. ಯಾವ ಕಡತದಲ್ಲಿ ಓದಿದೆ ಎಂಬುದು ನೆನಪಿಲ್ಲ ಎಂದರು. ಸುದ್ದಿಯಲ್ಲಿ ಎರಡು ಹೇಳಿಕೆಗಳು ಒಂದೇ ವಾಕ್ಯದಲ್ಲಿ ಬೆಸೆದುಕೊಂಡಿದ್ದವು: ಇಂಥದ್ದು ನಡೆಯಿತು ಎಂಬುದು ಒಂದು, ಸೇನೆಯ ತನಿಖೆಯೇ ಅದನ್ನು ದೃಢಪಡಿಸಿದೆ ಎಂಬುದು ಇನ್ನೊಂದು. ಬಂಧಿಗಳು ಮೊದಲನೆಯದನ್ನು ವರ್ಷಗಳಿಂದ ಹೇಳುತ್ತಿದ್ದರು. ಹೊಸದಾಗಿದ್ದುದು, ತೂಕವಿದ್ದುದು ಎರಡನೆಯದು. ಕುಸಿದದ್ದೂ ಅದೇ.

ಮೇ 15ರಂದು ಸಂಪಾದಕರು ಟಿಪ್ಪಣಿ ಪ್ರಕಟಿಸಿ, ವರದಿಯ ಯಾವುದೇ ಭಾಗ ತಪ್ಪಾಗಿದ್ದರೆ ವಿಷಾದಿಸುತ್ತೇವೆ ಎಂಬ ಅರ್ಥದ ಮಾತು ಬರೆದರು, ಹಿಂಸೆಗೆ ಬಲಿಯಾದವರಿಗೂ ಅದರ ನಡುವೆ ಸಿಲುಕಿದ ಸೈನಿಕರಿಗೂ ಸಹಾನುಭೂತಿ ಸೂಚಿಸಿದರು. ಯಾವ ಭಾಗ ತಪ್ಪು ಎಂಬುದು ಅದರಲ್ಲಿ ಸ್ಪಷ್ಟವಿರಲಿಲ್ಲ. ಇಷ್ಟಕ್ಕೇ ಬಿಟ್ಟಿರುವುದೇಕೆ ಎಂದು ಶ್ವೇತಭವನ ಕೇಳಿತು. ಒಂದೇ ದಿನದಲ್ಲಿ, ಮೇ 16ರಂದು, ಎರಡನೆಯ ಹೇಳಿಕೆ ಬಂತು: ಗ್ವಾಂಟನಾಮೊದಲ್ಲಿ ಕುರಾನ್‌ಗೆ ಅಪಚಾರವಾದದ್ದನ್ನು ಸೇನೆಯ ಆಂತರಿಕ ತನಿಖೆ ಪತ್ತೆ ಹಚ್ಚಿದೆ ಎಂಬ ವರದಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ. ಈ ಎರಡನೆಯ ಹೇಳಿಕೆಯ ಪದಗಳು ನಿಖರವಾಗಿದ್ದವು. ಮೊದಲ ದಿನವೇ ಇದನ್ನು ಹೇಳಿ, ‘ಬಂಧಿಗಳ ಆರೋಪಗಳು ಹಾಗೆಯೇ ಉಳಿದಿವೆ, ಅವುಗಳ ಬೆನ್ನು ಹತ್ತುತ್ತೇವೆ’ ಎಂದು ಒಂದು ಸಾಲು ಸೇರಿಸಿದ್ದರೆ ಪತ್ರಿಕೆ ಒತ್ತಡಕ್ಕೆ ಮಣಿದಂತೆ ಕಾಣುತ್ತಿರಲಿಲ್ಲ. ಎರಡು ಕಂತುಗಳಲ್ಲಿ ಬಂದದ್ದರಿಂದ ಇಡೀ ವಿಷಯವೇ ಸುಳ್ಳಂತೆ ಎಂಬ ಭಾವನೆ ಜಗತ್ತಿನಲ್ಲಿ ನೆಲೆಯಾಯಿತು. ಸರ್ಕಾರಕ್ಕೆ ಬೇಕಿದ್ದದ್ದೂ ಅದೇ ಭಾವನೆ. ಆದ ಹಾನಿಯನ್ನು ಸರಿಪಡಿಸಲು ಪತ್ರಿಕೆ ನೆರವಾಗಬೇಕು ಎಂಬ ಮಾತು ಶ್ವೇತಭವನದಿಂದ ಬಂದದ್ದು ಇದರ ಬೆನ್ನಿಗೇ.

ಪತ್ರಿಕೆ ಒಂದು ಕಡೆ ಗಟ್ಟಿಯಾಗಿ ನಿಂತಿತು. ಇಷ್ಟೆಲ್ಲ ಆದ ಮೇಲೂ ಮೂಲದ ಹೆಸರನ್ನು ಬಿಟ್ಟುಕೊಡಲಿಲ್ಲ. ಮೂಲ ತಪ್ಪಿ ನುಡಿದಿದ್ದರೂ, ಸುಳ್ಳು ಹೇಳಿ ವಂಚಿಸಿದ್ದಕ್ಕೆ ಪುರಾವೆ ಇರಲಿಲ್ಲ. ಆ ನಿರ್ಧಾರ ಸರಿಯಾದದ್ದು ಎಂದು ನಾನು ಭಾವಿಸುತ್ತೇನೆ.

ಆಮೇಲೆ ಹೊರಬಂದದ್ದು

ಮೇ 12ರಂದು ವಿದೇಶಾಂಗ ಕಾರ್ಯದರ್ಶಿ ಕಾಂಡೊಲೀಜಾ ರೈಸ್, ಪವಿತ್ರ ಕುರಾನ್‌ಗೆ ಅಗೌರವವನ್ನು ಅಮೆರಿಕ ಹಿಂದೆಂದೂ ಸಹಿಸಿಲ್ಲ, ಮುಂದೆಯೂ ಸಹಿಸದು ಎಂದು ಘೋಷಿಸಿದ್ದರು. ಹಿಂತೆಗೆತವಾಗಿ ಮೂರು ದಿನಕ್ಕೆ, ಮೇ 19ರಂದು, ಸಾಮಾನ್ಯವಾಗಿ ಬಾಯಿ ಬಿಡದ ರೆಡ್‌ಕ್ರಾಸ್ ಸಮಿತಿ ಒಂದು ವಿಷಯವನ್ನು ಖಚಿತಪಡಿಸಿತು. ಗ್ವಾಂಟನಾಮೊದಲ್ಲಿ ಕುರಾನ್ ಅನ್ನು ಅಗೌರವದಿಂದ ಕಾಣುತ್ತಿರುವ ಬಗ್ಗೆ 2002 ಮತ್ತು 2003ರಲ್ಲಿ ಹಲವು ಬಾರಿ ಅಮೆರಿಕದ ಅಧಿಕಾರಿಗಳಿಗೆ ವರದಿ ಕೊಟ್ಟಿತ್ತು. ಅಂದರೆ ‘ಹಿಂದೆಂದೂ ಸಹಿಸಿಲ್ಲ’ ಎಂಬ ಮಾತು ಬಂದಾಗ ಆ ದೂರುಗಳು ಸರ್ಕಾರದ ಕೈ ಸೇರಿ ಎರಡು ವರ್ಷವಾಗಿತ್ತು.

ಮೇ 25ರಂದು ಎಸಿಎಲ್‌ಯು ಇನ್ನಷ್ಟು ಎಫ್‌ಬಿಐ ದಾಖಲೆಗಳನ್ನು ಬಿಡುಗಡೆ ಮಾಡಿತು. 2002ರ ಆಗಸ್ಟ್‌ನ ಒಂದು ಟಿಪ್ಪಣಿಯಲ್ಲಿ, ಕಾವಲುಗಾರರು ಕುರಾನ್ ಅನ್ನು ಶೌಚದಲ್ಲಿ ಹಾಕಿ ನೀರು ಬಿಟ್ಟರೆಂದು ಬಂಧಿಯೊಬ್ಬ ಹೇಳಿದ್ದು ದಾಖಲಾಗಿತ್ತು. ಇದು ಬಂಧಿಯ ಆರೋಪವೇ ಹೊರತು ತನಿಖೆಯ ನಿರ್ಣಯವಲ್ಲ. ಪುನಃ ವಿಚಾರಿಸಿದಾಗ ಆತ ಅದನ್ನು ಕಣ್ಣಾರೆ ಕಂಡಿಲ್ಲವೆಂದನೆಂದು ಪೆಂಟಗನ್ ಹೇಳಿತು. ಪುನಃ ವಿಚಾರಿಸಿದ್ದು ಮೇ 14ರಂದು, ಅಂದರೆ ಹೇಳಿಕೆ ಕೊಟ್ಟು ಸುಮಾರು ಮೂರು ವರ್ಷಗಳಾದ ಮೇಲೆ, ಆತ ಅದೇ ಸೇನೆಯ ವಶದಲ್ಲೇ ಇದ್ದಾಗ. ಪತ್ರಿಕೆಯ ಮೂಲ ಕಂಡಿದ್ದು ಇದೇ ಕಡತವನ್ನೋ ಬೇರೆಯದನ್ನೋ ಎಂಬ ತೀರ್ಮಾನಕ್ಕೆ ಇಲ್ಲಿ ಹಾರುವುದು ಬೇಡ.

ಜೂನ್ 3, ಶುಕ್ರವಾರ. ಸಂಜೆ ಏಳು ದಾಟಿ, ದೂರದರ್ಶನದ ಮುಖ್ಯ ವಾರ್ತೆಗಳು ಮುಗಿದ ಹೊತ್ತಿಗೆ ಸೇನೆ ತನ್ನದೇ ಪರಿಶೀಲನೆಯ ಫಲಿತಾಂಶ ಹೊರಡಿಸಿತು. ಕುರಾನ್ ಅನ್ನು ಶೌಚದಲ್ಲಿ ಹಾಕಿದ್ದಕ್ಕೆ ನಂಬಲರ್ಹ ಪುರಾವೆ ಇಲ್ಲ ಎಂದಿತು. ಬಂಧಿಗಳೇ ತಮ್ಮ ಪ್ರತಿಗಳನ್ನು ಹರಿದ, ಎಸೆದ 15 ಘಟನೆಗಳಿವೆ ಎಂದೂ ಹೇಳಿತು. ಅದರ ಜೊತೆಗೇ, ಅಮೆರಿಕದ ಸಿಬ್ಬಂದಿಯಿಂದ ಅಗೌರವವಾದ ಐದು ಘಟನೆಗಳನ್ನು ಒಪ್ಪಿಕೊಂಡಿತು. ಒಂದರಲ್ಲಿ ಬಂಧಿಯ ಕುರಾನ್‌ಗೆ ಒದ್ದಿದ್ದರು. ಇನ್ನೊಂದರಲ್ಲಿ ಗುತ್ತಿಗೆಯ ಮೇಲಿದ್ದ ವಿಚಾರಣಾ ಸಿಬ್ಬಂದಿಯೊಬ್ಬ ಗ್ರಂಥದ ಮೇಲೆ ಕಾಲಿಟ್ಟು ಆಮೇಲೆ ಕ್ಷಮೆ ಕೇಳಿದ್ದ. ರಾತ್ರಿ ಪಾಳಿಯ ಕಾವಲುಗಾರರು ನೀರು ತುಂಬಿದ ಬಲೂನು ಎಸೆದು ಪ್ರತಿಗಳನ್ನು ತೋಯಿಸಿದ್ದರು. ಒಂದು ಪ್ರತಿಯೊಳಗೆ ಇಂಗ್ಲಿಷ್‌ನಲ್ಲಿ ಎರಡು ಪದಗಳ ಹೊಲಸು ಬೈಗುಳ ಬರೆದಿತ್ತು, ಬರೆದವರು ಯಾರೆಂದು ತಿಳಿಯಲಿಲ್ಲ. ಐದನೆಯದು ನಡೆದದ್ದು 2005ರ ಮಾರ್ಚ್‌ನಲ್ಲಿ, ಕೈಗವಸಿನ ನಿಯಮ ಬಂದು ಎರಡು ವರ್ಷಗಳಾದ ಮೇಲೆ. ಕಾವಲುಗಾರನೊಬ್ಬ ಗಾಳಿಗಿಂಡಿಯ ಬಳಿ ಮೂತ್ರ ಮಾಡಿದಾಗ ಅದು ಗಾಳಿಗೆ ಸಿಡಿದು, ಒಳಗಿದ್ದ ಬಂಧಿಯ ಮೇಲೂ ಅವನ ಕುರಾನ್ ಮೇಲೂ ಬಿತ್ತು. ಬಂಧಿಗೆ ಹೊಸ ಬಟ್ಟೆ, ಹೊಸ ಕುರಾನ್ ಕೊಟ್ಟರು. ಕಾವಲುಗಾರನಿಗೆ ಛೀಮಾರಿ ಹಾಕಿ ಗೇಟಿನ ಕಾವಲಿಗೆ ಬದಲಿಸಿದರು.

ಹಿಂತೆಗೆತದ ಸುದ್ದಿ ಜಗತ್ತಿನ ಮುಖಪುಟಗಳಲ್ಲಿ ಬಂದಿತ್ತು. ಶುಕ್ರವಾರ ರಾತ್ರಿಯ ಈ ಒಪ್ಪಿಗೆಗೆ ಅದರ ಕಾಲುಭಾಗದ ಗಮನವೂ ಸಿಗಲಿಲ್ಲ ಎಂಬುದು ನನ್ನನ್ನು ಇಂದಿಗೂ ಕೆರಳಿಸುತ್ತದೆ.

ಏನು ಕಲಿಯಬಹುದು

ನ್ಯೂಸ್‌ವೀಕ್ ತನ್ನ ನಿಯಮಗಳನ್ನು ಬದಲಿಸಿಕೊಂಡಿತು. ಅನಾಮಧೇಯ ಮೂಲದ ಬಳಕೆಗೆ ಉನ್ನತ ಸಂಪಾದಕರ ಒಪ್ಪಿಗೆ ಕಡ್ಡಾಯವಾಯಿತು. ಬರೀ ‘ಮೂಲಗಳು ತಿಳಿಸಿವೆ’ ಎಂಬುದು ಇನ್ನು ಯಾವ ಸುದ್ದಿಗೂ ಏಕೈಕ ಆಧಾರವಾಗುವಂತಿಲ್ಲ. ಯಾರೇ ಆಗಲಿ, ಎಷ್ಟೇ ಎತ್ತರದ ಹುದ್ದೆಯಲ್ಲಿರಲಿ, ಆಕ್ಷೇಪಿಸದೆ ಸುಮ್ಮನಿದ್ದರೆ ಅದನ್ನು ಎರಡನೆಯ ಮೂಲವೆಂದು ಪರಿಗಣಿಸುವಂತಿಲ್ಲ. ಕನ್ನಡದ ಸುದ್ದಿಮನೆಗಳು ಈ ಮೂರನೆಯ ನಿಯಮವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ‘ಬಲ್ಲ ಮೂಲಗಳ ಪ್ರಕಾರ’, ‘ಎನ್ನಲಾಗಿದೆ’ ಎಂಬ ಮಾತುಗಳ ಹಿಂದೆ ಎಷ್ಟು ಸಲ ಒಬ್ಬನೇ ಅಧಿಕಾರಿ, ಫೋನ್ ಎತ್ತದ ಇನ್ನೊಬ್ಬ ಅಧಿಕಾರಿ ಇರುತ್ತಾರೆ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ.

ಆದರೆ ಈ ಪ್ರಕರಣದಿಂದ ಅನಾಮಧೇಯ ಮೂಲಗಳೇ ಬೇಡ ಎಂಬ ಪಾಠ ತೆಗೆಯುವವರನ್ನು ನಾನು ಒಪ್ಪುವುದಿಲ್ಲ. ಅದೇ ವರ್ಷದ ಮೇ 31ರಂದು, ಅಧ್ಯಕ್ಷ ನಿಕ್ಸನ್ 1974ರಲ್ಲಿ ರಾಜೀನಾಮೆ ಕೊಡಬೇಕಾಗಿ ಬಂದ ವಾಟರ್‌ಗೇಟ್ ಹಗರಣದ ಗುಪ್ತ ಮೂಲ ತಾನೇ ಎಂದು ಎಫ್‌ಬಿಐನ ಎರಡನೆಯ ಅತ್ಯುನ್ನತ ಹುದ್ದೆಯಲ್ಲಿದ್ದ ಮಾರ್ಕ್ ಫೆಲ್ಟ್ ಬಹಿರಂಗವಾದರು. ಅವರ ನೆರವು ಪಡೆದಿದ್ದ ವಾಷಿಂಗ್ಟನ್ ಪೋಸ್ಟ್ ಮತ್ತು ನ್ಯೂಸ್‌ವೀಕ್ ಆಗ ಒಂದೇ ಕಂಪನಿಯ ಒಡೆತನದಲ್ಲಿದ್ದವು. ಫೆಲ್ಟ್ ಅವರನ್ನು ವರದಿಗಾರರು ಹೆಚ್ಚಾಗಿ ಬಳಸಿದ್ದು ಬೇರೆಡೆ ಸಿಕ್ಕ ಮಾಹಿತಿಯನ್ನು ತಾಳೆ ನೋಡಲು, ಮುಂದಿನ ದಾರಿ ಕೇಳಲು. ಗ್ವಾಂಟನಾಮೊ ಸುದ್ದಿಯಲ್ಲಿ ಮೂಲದ ನೆನಪೇ ದಾಖಲೆಯ ಜಾಗದಲ್ಲಿ ಕುಳಿತಿತ್ತು. ‘ನೀವು ಆ ವರದಿಯನ್ನು ಓದಿದ್ದೀರಾ, ಯಾವಾಗ, ಕರಡೋ ಅಂತಿಮ ಪ್ರತಿಯೋ, ಅದರಲ್ಲಿ ಈ ಸಾಲು ಎಲ್ಲಿದೆ’ ಎಂಬ ನಾಲ್ಕು ಪ್ರಶ್ನೆಗಳು ಪ್ರಕಟಣೆಗೆ ಮುನ್ನ ಬಿದ್ದಿದ್ದರೆ, ಎರಡು ವಾರಗಳ ಬಳಿಕ ಕೇಳಿದ ಉತ್ತರ ಮೊದಲೇ ಸಿಗುತ್ತಿತ್ತು.

ಜನ ಕೆರಳುತ್ತಾರೆ ಎಂದು ಸುದ್ದಿಯನ್ನೇ ಬಿಡಬೇಕಿತ್ತೇ? ಬೇಡ. ಕರ್ನಾಟಕದವರಿಗೆ ಈ ಪ್ರಶ್ನೆ ದೂರದ್ದಲ್ಲ. 1986ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಬಂದ ಸಣ್ಣಕಥೆಯಿಂದ ಬೆಂಗಳೂರಿನಲ್ಲಿ, 2020ರ ಆಗಸ್ಟ್‌ನಲ್ಲಿ ಫೇಸ್‌ಬುಕ್‌ನ ಒಂದು ಬರಹದಿಂದ ಅದೇ ನಗರದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಜೀವ ಹೋದದ್ದನ್ನು ನಾವು ಕಂಡಿದ್ದೇವೆ. ಅವೆರಡೂ ಸರ್ಕಾರದ ನಡತೆಯ ಕುರಿತ ಸುದ್ದಿಗಳಲ್ಲ, ಹಾಗಾಗಿ ಹೋಲಿಕೆಯನ್ನು ಹೆಚ್ಚು ಎಳೆಯಲಾರೆ. ಸರ್ಕಾರದ ವಶದಲ್ಲಿರುವ ಮನುಷ್ಯರ ನಂಬಿಕೆಯನ್ನು ಸರ್ಕಾರದವರೇ ತುಳಿದರೆ ಅದನ್ನು ಪ್ರಕಟಿಸಲೇಬೇಕು. ಪರಿಣಾಮದ ತೀವ್ರತೆ ಹೆಚ್ಚಿದಷ್ಟೂ ಪರಿಶೀಲನೆ ಹೆಚ್ಚಬೇಕು, ಜಾಗವೂ ಹೆಚ್ಚಬೇಕು. ಇಂಥ ವಿಷಯವನ್ನು ಚುಟುಕು ಸುದ್ದಿಗಳ ಪುಟದಲ್ಲಿ ಒಂದು ವಾಕ್ಯದಲ್ಲಿ ತೂರಿಸಿದ್ದು ಈ ಪ್ರಕರಣದ ದೊಡ್ಡ ತಪ್ಪುಗಳಲ್ಲಿ ಒಂದು. ಬಂಧಿಗಳ ಹಳೆಯ ದೂರು, ಸೇನೆಯ 2003ರ ನಿಯಮಾವಳಿ, ತನಿಖೆಯ ಹಿನ್ನೆಲೆ ಎಲ್ಲವನ್ನೂ ಸೇರಿಸಿ ಪೂರ್ಣ ವರದಿ ಬರೆದಿದ್ದರೆ, ಒಂದು ವಾಕ್ಯ ಬಿದ್ದರೂ ವರದಿ ನಿಲ್ಲುತ್ತಿತ್ತು.

ಸರ್ಕಾರದ ಮಟ್ಟದಲ್ಲಿ ಕಲಿಯಬೇಕಾದ್ದು ಇನ್ನೂ ಕಠಿಣ. ಕರಡು ಕೈಗೆ ಬಂದಾಗ ‘ಇದು ನನಗೆ ಗೊತ್ತಿಲ್ಲ, ಗೊತ್ತಿರುವವರನ್ನು ಕೇಳಿ’ ಎನ್ನುವುದು ಆ ಅಧಿಕಾರಿಗೆ ಸಾಧ್ಯವಿತ್ತು. ಪತ್ರಿಕೆ ಹೊರಬಂದ ಮೊದಲ ವಾರ, ಇಮ್ರಾನ್ ಖಾನ್ ಮಾತನಾಡುವ ಮೊದಲು, ಖಂಡಿಸುವುದು ಸಾಧ್ಯವಿತ್ತು. ರೆಡ್‌ಕ್ರಾಸ್ ದೂರುಗಳನ್ನೂ ಐದು ಘಟನೆಗಳನ್ನೂ ತಾನಾಗಿಯೇ ಮೊದಲೇ ಬಹಿರಂಗಪಡಿಸಿದ್ದರೆ ‘ಶೌಚದ ಘಟನೆ ನಡೆದಿಲ್ಲ’ ಎಂಬ ಮಾತಿಗೆ ಬೆಲೆ ಇರುತ್ತಿತ್ತು. ಒಪ್ಪಿಕೊಂಡರೆ ಎಲ್ಲವೂ ಶಾಂತವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. 2012ರ ಫೆಬ್ರುವರಿಯಲ್ಲಿ ಬಾಗ್ರಾಮ್ ಸೇನಾನೆಲೆಯಲ್ಲಿ ಕುರಾನ್ ಪ್ರತಿಗಳನ್ನು ಕಸದೊಂದಿಗೆ ಸುಟ್ಟದ್ದು ಬಯಲಾದಾಗ ಕಮಾಂಡರ್ ಅದೇ ದಿನ ಕ್ಷಮೆ ಕೇಳಿದರು, ಅಧ್ಯಕ್ಷ ಒಬಾಮಾ ಕೂಡ ಕೇಳಿದರು, ಆದರೂ ಹಿಂಸೆಯಲ್ಲಿ ಸುಮಾರು 30 ಅಫ್ಗಾನರು, ಆರು ಅಮೆರಿಕನ್ ಸೈನಿಕರು ಸತ್ತರು. ಆದರೆ ಅಲ್ಲಿ ಏನಾಯಿತು, ಯಾರಿಂದಾಯಿತು ಎಂಬ ವಿಷಯದಲ್ಲಿ ಪತ್ರಿಕೆಯನ್ನು ಕಟಕಟೆಗೆ ತರಲು ಯಾರಿಗೂ ಆಗಲಿಲ್ಲ. ತನಿಖೆ ನಡೆಯಿತು, ಸಿಬ್ಬಂದಿಯ ಮೇಲೆ ಆಡಳಿತಾತ್ಮಕ ಕ್ರಮವಾಯಿತು.

ಕೊನೆಯದಾಗಿ ದಾಖಲೆಯ ವಿಷಯ. ಹೆಸರಿಲ್ಲದ ಹಿರಿಯ ಅಧಿಕಾರಿಯಿಂದ ಆಗದ ಕೆಲಸವನ್ನು ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ಮೊಕದ್ದಮೆ ಮಾಡಿತು. 2002ರ ತಾರೀಖು ಹೊತ್ತ ಕಾಗದವನ್ನು ಯಾವ ವಕ್ತಾರರೂ ಬೈದು ಓಡಿಸಲಾಗಲಿಲ್ಲ. ಜಲಾಲಾಬಾದ್‌ನಲ್ಲಿ ಗುಂಡು ಹಾರಿದ ಮೇ 11ರಂದೇ ನಮ್ಮ ಲೋಕಸಭೆ ಮಾಹಿತಿ ಹಕ್ಕು ಮಸೂದೆಯನ್ನು ಅಂಗೀಕರಿಸಿತ್ತು. ಭದ್ರತಾ ಮತ್ತು ಗುಪ್ತಚರ ಸಂಸ್ಥೆಗಳಿಗೆ ಆ ಕಾಯ್ದೆಯ 24ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ ಎಂದು ನಮ್ಮ ಬಹುತೇಕ ವರದಿಗಾರರು ಅರ್ಜಿ ಹಾಕುವ ಯೋಚನೆಯನ್ನೇ ಬಿಡುತ್ತಾರೆ. ಅದೇ ಸೆಕ್ಷನ್‌ನಲ್ಲಿ, ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳಿಗೆ ಸಂಬಂಧಿಸಿದ ಮಾಹಿತಿಗೆ ಈ ವಿನಾಯಿತಿ ಅನ್ವಯಿಸದು ಎಂದೂ ಇದೆ. ಮಾನವ ಹಕ್ಕುಗಳ ವಿಷಯವಾದರೆ ಮಾಹಿತಿ ಆಯೋಗದ ಅನುಮತಿಯೊಂದಿಗೆ 45 ದಿನಗಳೊಳಗೆ ಕೊಡಬೇಕು. ಬಂಧನದಲ್ಲಿರುವವರ ಬಗ್ಗೆ ಹೆಸರಿಲ್ಲದ ಮೂಲವೊಂದು ಮಾತನಾಡಿದ ದಿನವೇ ಆ ಅರ್ಜಿಯನ್ನೂ ಹಾಕಿಬಿಡಬೇಕು.